ನಂದಿಯಿಲ್ಲದ ಬೆಟ್ಟ

ಚಾಮುಂಡಿ ಬೆಟ್ಟವನ್ನು ಮೆಟ್ಟಿಲಿನಲ್ಲಿ ಹತ್ತುವ ಮೈಸೂರಿಗರಲ್ಲಿ ಎರಡು ಬಗೆ. ಹತ್ತಿ ಸುಮ್ಮನಿರುವವರು, ಹತ್ತಿದ್ದನ್ನು ಹೇಳುವವರು. ನಮ್ಮ ಭಾವ ಎರಡನೆಯ ಬಗೆ. 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಸಾವಿರ ಮೆಟ್ಟಿಲು ಕಟ್ಟಿಸಿದ್ದು ತಾಯಿಯ ದರ್ಶನಕ್ಕೆಂದು ಊರೆಲ್ಲ ನಂಬಿದೆ. ಭಾವನವರ ಮಾತು ಕೇಳಿದರೆ ಅದು ಅವರ ಮೊಣಕಾಲಿನ ಕ್ಷೇಮಕ್ಕಾಗಿ ಕಟ್ಟಿಸಿದಂತೆ ತೋರುತ್ತದೆ.

ಕಾಶ್ಮೀರದ ಗ್ರೇಟ್ ಲೇಕ್ಸ್ ಚಾರಣದ ಮಾತು ನಮ್ಮ ಮನೆಯಲ್ಲಿ ಬಂದಾಗ ಅಕ್ಕ ಹೆದರಿದಳು. ಭಾವ ಹಾಲಿನ ಲೆಕ್ಕದ ಚೀಟಿ ತಿರುಗಿಸಿ ಅದರ ಹಿಂದೆ ಲೆಕ್ಕ ಹಾಕಿದರು. ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ಬೆಟ್ಟದ ತುದಿ 1,060ರ ಆಸುಪಾಸು. ಹತ್ತುವುದು ಸುಮಾರು 290. ಅಲ್ಲಿ ವಿಷನ್‌ಸರ್ ಸರೋವರ 3,700 ಮೀಟರಿನಲ್ಲಿ, ಅದರ ಮೇಲೆ ಬೆಟ್ಟ ದಾಟುವ ಗಡ್ಸರ್ ಪಾಸ್ 4,200ರಲ್ಲಿ. ಹತ್ತುವುದು 500.

“ಒಂದು ಪೂರ್ತಿ ಚಾಮುಂಡಿ ಬೆಟ್ಟ, ಆಮೇಲೆ ನಂದಿಯವರೆಗೆ ಇನ್ನೊಂದು ಸಲ. ಅಷ್ಟೇ ಕಣೇ” ಎಂದು ಚೀಟಿಯನ್ನು ಅಕ್ಕನ ಕೈಗಿತ್ತರು.

ಕೂಡುವುದು ಕಳೆಯುವುದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. 4,200 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ರಷ್ಟು ಮಾತ್ರ ಎಂಬ ಸಂಗತಿಗೆ ಆ ಚೀಟಿಯಲ್ಲಿ ಜಾಗವಿರಲಿಲ್ಲ, ಅಷ್ಟೇ.

ಹೊಸ ಬೂಟಿನ ಮಾತೆತ್ತಿದ್ದಕ್ಕೆ ಭಾವ ಅಟ್ಟದಿಂದ ಹಳೆಯ ಜೋಡಿಯನ್ನು ಇಳಿಸಿದರು. ಎಂದೋ ಕೊಂಡು ಕಾಗದದಲ್ಲಿ ಸುತ್ತಿಟ್ಟದ್ದು. ಒಂದು ಗೀರೂ ಇಲ್ಲ, ಹೊಳಪೂ ಹೋಗಿಲ್ಲ. ಇಂಥ ಬೂಟುಗಳ ಅಡಿಯಲ್ಲಿರುವ ಪಾಲಿಯುರಿಥೇನ್ ಎಂಬ ಪದಾರ್ಥ, ಹಾಕಿಕೊಂಡರೂ ಹಾಕಿಕೊಳ್ಳದಿದ್ದರೂ, ಗಾಳಿಯ ತೇವಕ್ಕೆ ವರ್ಷಗಟ್ಟಲೆ ಒಳಗೊಳಗೇ ಸಡಿಲವಾಗುತ್ತಿರುತ್ತದೆ. ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ಸೋನಾಮಾರ್ಗ್ ದಾಟಿ, ನಿಚ್ನಾಯ್ ಪಾಸ್ ಇಳಿಯುವಾಗ ತಿಳಿಯಿತು. ಬಲಗಾಲಿನ ಅಟ್ಟೆ ಮುಂಭಾಗದಲ್ಲಿ ಬಾಯಿಬಿಟ್ಟಿತು. ಭಾವ ಕಾಲೆತ್ತಿದಾಗಲೆಲ್ಲ ಅದು ಕೆಳಕ್ಕೆ ಜೋತು, ಕಾಲಿಟ್ಟಾಗ ಟಪ್ಪೆಂದು ಮುಚ್ಚಿಕೊಂಡು, ಒಂದಿಷ್ಟು ಬೂದುಬಣ್ಣದ ಪುಡಿ ಉದುರಿಸುತ್ತಿತ್ತು. ನಮ್ಮ ಹಿಂದೆ ಬರುತ್ತಿದ್ದ ಪುಣೆಯ ಹುಡುಗರಿಗೆ ದಾರಿ ತಪ್ಪುವ ಭಯವೇ ಇರಲಿಲ್ಲ.

ದಾರ ಯಾರ ಬಳಿಯೂ ಸಿಗಲಿಲ್ಲ. ಭಾವ ಬಂಡೆಯ ಮೇಲೆ ಕುಳಿತು, ಚೀಲದಿಂದ ರಾತ್ರಿಯ ಪೈಜಾಮ ತೆಗೆದು, ಗಂಟನ್ನು ಹಲ್ಲಿನಿಂದ ಬಿಚ್ಚಿ, ಲಾಡಿಯನ್ನು ಸರ್ರನೆ ಎಳೆದು ಬೂಟಿಗೆ ಮೂರು ಸುತ್ತು ಬಿಗಿದರು. ಬಿಗಿತ ಎಷ್ಟು ಚೆನ್ನಾಗಿತ್ತೆಂದರೆ ಅದು ಚಾರಣ ಮುಗಿಯುವ ನಾರಾನಾಗ್‌ವರೆಗೂ ಬಿಚ್ಚಲಿಲ್ಲ. ಬಿಚ್ಚಲು ಬರಲಿಲ್ಲ ಎಂದರೂ ಸರಿಯೇ.

ಸಂಕಟ ಶುರುವಾದದ್ದು ವಿಷನ್‌ಸರ್ ದಡದ ಬಿಡಾರದಲ್ಲಿ. ಎತ್ತರದ ಜಾಗದಲ್ಲಿ ತಲೆ ಸಿಡಿಯಬಾರದೆಂದರೆ ನೀರು ಕುಡಿಯುತ್ತಲೇ ಇರಬೇಕು ಎಂದು ಗೈಡ್ ಹೇಳಿದ್ದ. ಭಾವ ಹೇಳಿದ್ದನ್ನು ಪಾಲಿಸುವ ಮನುಷ್ಯ. ಹೀಗಾಗಿ ನಡುರಾತ್ರಿ, ಮೂಳೆ ಕೊರೆಯುವ ಚಳಿಯಲ್ಲಿ, ಅವರು ಹೊರಗೆ ಹೋಗಲೇಬೇಕಾಯಿತು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಲಾಡಿಯಿಲ್ಲದ ಪೈಜಾಮ. ಡೇರೆಯ ಜಿಪ್ಪಿಗೆ ಮೂರನೆಯ ಕೈ ಬೇಕು.

“ಏಳಪ್ಪಾ, ಸ್ವಲ್ಪ ಜಿಪ್ಪು ಎಳೆ.”

ಎಳೆದು ಬಿಟ್ಟೆ. ಅವರು ನಾಲ್ಕು ಹೆಜ್ಜೆ ಹೋಗಿರಬೇಕು, ಕುರಿ ಕಾಯುವ ಬಖರವಾಲರ ನಾಯಿ ಕತ್ತಲಿನಿಂದ ಒಮ್ಮೆಲೇ ಬೊಗಳಿತು. ಭಾವ ಬೆಚ್ಚಿ ಎರಡೂ ಕೈ ಮೇಲೆತ್ತಿದರು. ಟಾರ್ಚಿನ ಬೆಳಕು ಸೀದಾ ಆಕಾಶಕ್ಕೆ ಹೋಗಿದ್ದರಿಂದ ಉಳಿದ ಡೇರೆಗಳವರಿಗೆ ವಿಶೇಷವೇನೂ ಕಾಣಲಿಲ್ಲ ಎಂದು ಅವರು ಇಂದಿಗೂ ವಾದಿಸುತ್ತಾರೆ.

ಅಕ್ಕನಿಗೆ ಇದನ್ನು ಆ ಕೂಡಲೇ ಹೇಳುವ ಭಾಗ್ಯ ನನಗಿರಲಿಲ್ಲ. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಹಾಗಾಗಿ ಭಾವನವರ ಮೊಬೈಲ್ ಶ್ರೀನಗರದಲ್ಲೇ ಕಣ್ಣು ಮುಚ್ಚಿತ್ತು. ನನ್ನದು ಪೋಸ್ಟ್‌ಪೇಯ್ಡ್, ಬೆಟ್ಟ ಹತ್ತತೊಡಗಿದ ಮೇಲೆ ಅದಕ್ಕೂ ಸಿಗ್ನಲ್ ಇಲ್ಲ.

ಬೆಳಿಗ್ಗೆ ಕಿಷನ್‌ಸರ್ ಸರೋವರದ ಪಕ್ಕದಿಂದ ಪಾಸ್‌ನ ಏರು. ಮಣ್ಣಿನ ಕಡಿದಾದ ಹಾದಿ, ಅಡ್ಡಡ್ಡ ತಿರುವು. ಭಾವ ಮೊದಲ ತಿರುವನ್ನು ಬೆಟ್ಟದ ಮೆಟ್ಟಿಲಿನ ವೇಗದಲ್ಲೇ ಹತ್ತಿದರು. ಎರಡನೆಯದರಲ್ಲಿ ಮಾತು ನಿಂತಿತು, ಮೂರನೆಯದರಲ್ಲಿ ಅವರೇ ನಿಂತರು. ಬೆನ್ನಿಗೆ ಮಗು ಕಟ್ಟಿಕೊಂಡ ಬಖರವಾಲ ಹೆಂಗಸೊಬ್ಬಳು, ಕೈಯಲ್ಲೊಂದು ಪಾತ್ರೆ ಹಿಡಿದು, ರಬ್ಬರ್ ಚಪ್ಪಲಿಯಲ್ಲಿ ನಮ್ಮನ್ನು ದಾಟಿ ಹೋದಳು. ಭಾವ ಅವಳನ್ನು ನೋಡದವರಂತೆ ಸರೋವರ ನೋಡಿದರು.

“ಇಲ್ಲಿ ನಂದಿ ಎಲ್ಲಿ ಬರುತ್ತದೆ?” ಎಂದು ನನ್ನನ್ನು ಕೇಳಿದರು.

ತಮಾಷೆಗೆ ಕೇಳಿದ್ದಲ್ಲ. ಏಳುನೂರು ಮೆಟ್ಟಿಲು ಮುಗಿದ ಕಡೆ ಒಂದೇ ಕಲ್ಲಿನ ಭಾರಿ ನಂದಿ ಕುಳಿತಿರಬೇಕು, ನಮಸ್ಕಾರ ಹಾಕಿದಂತೆ ಮಾಡಿ ಉಸಿರು ತೆಗೆದುಕೊಳ್ಳಬೇಕು, ಎದುರಿಗೆ ಮಜ್ಜಿಗೆಯೋ ಉಪ್ಪು ಖಾರ ಸವರಿದ ಸೌತೆಕಾಯಿಯೋ ಸಿಗಬೇಕು ಎಂಬುದು ಅವರ ದೇಹಕ್ಕೆ ವರ್ಷಗಳಿಂದ ಆಗಿರುವ ಅಭ್ಯಾಸ. ಆಯಾಸವಾದದ್ದಕ್ಕೆ ನಿಲ್ಲುವುದು ಅವರಿಗೆ ಅವಮಾನ. ದೇವರಿಗಾಗಿ ನಿಲ್ಲುವುದಾದರೆ ಅಡ್ಡಿಯಿಲ್ಲ.

ನಂದಿ ಇರಲಿಲ್ಲ. ಸಾಮಾನು ಹೊತ್ತ ಕುದುರೆಯೊಂದು ತಿರುವಿನಲ್ಲಿ ನಿಂತಿತ್ತು. ಭಾವ ಅದರ ಪಕ್ಕೆಗೆ ಒರಗಿ ಕಣ್ಣು ಮುಚ್ಚಿದರು. ಅವರ ಚೀಲದ ಪಕ್ಕದ ಜೇಬಿನಲ್ಲಿ ಅಕ್ಕ ಕಟ್ಟಿಕೊಟ್ಟ ಕೋಡುಬಳೆಯ ಪೊಟ್ಟಣವಿತ್ತು. ಕುದುರೆ ಕತ್ತು ತಿರುಗಿಸಿತು, ಮೂಸಿತು, ಪೊಟ್ಟಣವನ್ನೇ ಹೊರಗೆಳೆಯಿತು. ಕರುಂ ಕುರುಂ ಸದ್ದಿಗೆ ಭಾವ ಕಣ್ಣು ಬಿಡುವಷ್ಟರಲ್ಲಿ ಬಹುಪಾಲು ಮುಗಿದಿತ್ತು. ಅಕ್ಕನ ಕೈಯಲ್ಲಿ ಖಾರ ಯಾವಾಗಲೂ ಒಂದು ಹಿಡಿ ಮುಂದೆ. ಕುದುರೆ ತುಟಿ ಮೇಲೆತ್ತಿ, ಹಲ್ಲೆಲ್ಲ ತೋರಿಸಿ, ದೊಡ್ಡದಾಗಿ ಸೀನಿತು. ಸೀನು ಎಲ್ಲಿಗೆ ಬಿತ್ತು ಎಂಬುದನ್ನು ಬರೆಯಬಾರದೆಂದು ನನಗೆ ಆಣೆಯಾಗಿದೆ.

ಅಲ್ಲಿಂದ ಮುಂದೆ ಭಾವ ಎಲ್ಲೂ ನಿಲ್ಲಲಿಲ್ಲ. ನಿಂತರೆ ಹಿಂದಿನಿಂದ ಮೂತಿ ಬಂದು ಚೀಲದ ಜೇಬಿಗೆ ತಿವಿಯುತ್ತಿತ್ತು. ಕುದುರೆಯವನು ನಗುತ್ತ “ಚಲೋ ಸಾಹಬ್” ಎನ್ನುತ್ತಿದ್ದ. ಅದು ಕುದುರೆಗೆ ಹೇಳಿದ್ದೋ ಇವರಿಗೆ ಹೇಳಿದ್ದೋ ಗೊತ್ತಿಲ್ಲ.

ನೆತ್ತಿಯಲ್ಲಿ ಗಾಳಿ ಕಿವಿಯಲ್ಲೇ ಕೂಗುತ್ತಿತ್ತು. ಹತ್ತಿ ಬಂದ ಕಡೆಗೆ ತಿರುಗಿದರೆ ವಿಷನ್‌ಸರ್, ಕಿಷನ್‌ಸರ್ ಎರಡೂ ಒಟ್ಟಿಗೇ ಕಾಣುತ್ತವೆ. ಎರಡರ ನೀಲಿ ಬೇರೆ ಬೇರೆ. ಇನ್ನೊಂದು ಕಡೆ ಹೂ ಚೆಲ್ಲಿದ ಇಳಿಜಾರು, ಪುಟ್ಟ ಹೊಂಡಗಳು, ಗಡ್ಸರ್ ಕಣಿವೆ. ನನಗೆ ಮಾತು ಹೊರಡಲಿಲ್ಲ. ಭಾವನವರಿಗೆ ಹೊರಟಿತು.

“ಕುಕ್ಕರಹಳ್ಳಿ ಕೆರೆಯಷ್ಟು ಇರಬಹುದೇನೋ. ಸುತ್ತ ಒಂದು ವಾಕಿಂಗ್ ಪಾತ್ ಮಾಡಬಹುದಿತ್ತು.”

ಗಡ್ಸರ್ ದಾಟಿ ಬಿಡಾರ ಸೇರಿದ ಮೇಲೆ ಭಾವ ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿ ಮೂಗಿನವರೆಗೂ ಜಿಪ್ಪು ಎಳೆದುಕೊಂಡರು. ಆ ಎತ್ತರದಲ್ಲಿ ನೀರು 88 ಡಿಗ್ರಿಯ ಹತ್ತಿರವೇ ಕುದಿದುಬಿಡುತ್ತದೆ. ತೆರೆದ ಪಾತ್ರೆಯಲ್ಲಿ ಇಟ್ಟ ಅಕ್ಕಿ ಎಷ್ಟು ಕುದಿಸಿದರೂ ನೆಟ್ಟಗೆ ಬೇಯುವುದಿಲ್ಲ. ಆದ್ದರಿಂದ ಚಾರಣದ ಅಡುಗೆಯವರು ಕುದುರೆಯ ಮೇಲೆ ಕುಕ್ಕರ್ ಹೊತ್ತು ತರುತ್ತಾರೆ ಎಂಬುದನ್ನು ಭಾವ ಮೊದಲ ದಿನವೇ ವಿಚಾರಿಸಿಕೊಂಡು ಸಮಾಧಾನಪಟ್ಟಿದ್ದರು.

ಹೊರಗೆ ಉದ್ದನೆಯ ಕೂಗು ಕೇಳಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

“ಎರಡು” ಎಂದರು ಭಾವ, ಚೀಲದೊಳಗಿನಿಂದ. ಮತ್ತೊಂದು ಬಂತು. “ಮೂರಾಯಿತು. ಇಳಿಸಲು ಹೇಳಪ್ಪಾ, ಅನ್ನ ತಳ ಹಿಡಿಯುತ್ತದೆ.”

ನಾನು ಡೇರೆಯಿಂದ ಇಣುಕಿದೆ. ಅಡುಗೆಯ ಹುಡುಗ ಎದುರಿಗೇ ಕುಳಿತು ಈರುಳ್ಳಿ ಹೆಚ್ಚುತ್ತಿದ್ದ. ಒಲೆ ಹೊತ್ತಿಸಿರಲಿಲ್ಲ. ಅವನಾಚೆಯ ಬಂಡೆಯ ಮೇಲೆ ಮಾರ್ಮಟ್ ಎಂಬ, ಅಳಿಲಿನ ಬಳಗದ ಕಂದುಬಣ್ಣದ ದಪ್ಪ ಪ್ರಾಣಿಯೊಂದು ಹಿಂಗಾಲಿನ ಮೇಲೆ ನಿಂತು, ಅಪಾಯ ಬಂದಿದೆಯೆಂದು ತನ್ನ ಬಳಗಕ್ಕೆಲ್ಲ ಸಿಳ್ಳೆ ಹಾಕುತ್ತಿತ್ತು.

“ನಾಲ್ಕು!” ಎಂದರು ಭಾವ.