ಒಂದು ಕಿಟಕಿ ತೆಗೆಯೋಕೆ ಏನು ಕಷ್ಟ?

ಬೆಂಗಳೂರಿನ ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಕಿಟಕಿ ತೆಗೀರಿ ಅಂತ ಕೈಮುಗಿದು ಬೇಡಬೇಕಾ? ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ತರಲು ಅಕ್ಕನ ಜೊತೆ ನಾನೂ ಹೋಗುತ್ತೇನೆ. ಕಾಯುವ ಜಾಗ ಅಂದರೆ ಒಂದು ಇಕ್ಕಟ್ಟಾದ ಕಾರಿಡಾರ್. ಕಿಟಕಿಗಳಿಗೆ ಅಡ್ಡವಾಗಿ ಹಳೇ ಫೈಲುಗಳ ಬೀರು. ಉಳಿದ ಒಂದೇ ಕಿಟಕಿಯನ್ನೂ ಪಾರಿವಾಳ ಬರುತ್ತೆ ಅಂತ ಮುಚ್ಚಿದ್ದಾರೆ. ಜಾಲರಿ ಹೊಡೆಸಿದರೆ ಮುಗೀತಲ್ವಾ?

ಅಲ್ಲಿ ಕೂತವರಲ್ಲಿ ಹೆಚ್ಚಿನವರು ಎಚ್‌ಐವಿ ಇರುವವರು. ಟಿಬಿ ಹರಡುವುದು ಗಾಳಿಯಲ್ಲಿ. ಎಚ್‌ಐವಿ ಇದ್ದವರಿಗೆ ಟಿಬಿ ಬರುವ ಅಪಾಯ ಬೇರೆಯವರಿಗಿಂತ ಹತ್ತು ಪಟ್ಟಿಗೂ ಜಾಸ್ತಿ. ಅವರ ಜೀವ ತೆಗೆಯುವ ಕಾಯಿಲೆಗಳಲ್ಲಿ ಮೊದಲನೆಯದೂ ಅದೇ. ಆದರೂ ಕೆಮ್ಮಿ ಕೆಮ್ಮಿ ಸುಸ್ತಾದವರನ್ನು ಎಲ್ಲರ ಮಧ್ಯೆ ಗಂಟೆಗಟ್ಟಲೆ ಕೂರಿಸುತ್ತಾರೆ. ಪಾಪ, ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಮಾಸ್ಕ್ ಕೊಟ್ಟು, ಎಲ್ಲರಿಗಿಂತ ಮೊದಲು ಒಳಗೆ ಕಳಿಸಬೇಕು. ಯಾರು ಮಾಡ್ತಾರೆ?

ಕೆಮ್ಮು ಇದೆಯಾ, ಜ್ವರ ಇದೆಯಾ, ತೂಕ ಇಳಿದಿದೆಯಾ, ರಾತ್ರಿ ಬೆವರುತ್ತೀರಾ. ಬಂದಾಗಲೆಲ್ಲ ಈ 4 ಪ್ರಶ್ನೆ ಕೇಳಲೇಬೇಕು. ಅರ್ಧ ನಿಮಿಷದ ಕೆಲಸ. ಅಕ್ಕನ ಮುಖವನ್ನೂ ನೋಡದೆ ನಾಲ್ಕಕ್ಕೂ 'ಇಲ್ಲ' ಅಂತ ಬರೆದರು. ಅವಳೋ ಈಚೆಗೆ ರವಿಕೆಗಳನ್ನೆಲ್ಲ ಹಿಡಿಸಿಕೊಂಡಿದ್ದಾಳೆ, ಅಷ್ಟು ಇಳಿದುಹೋಗಿದ್ದಾಳೆ! ನಾನು ಜಗಳ ಮಾಡಿದ ಮೇಲೆ ಕಫ ತೆಗೆದುಕೊಂಡರು. ಅದನ್ನೂ ಬರೀ ಮೈಕ್ರೋಸ್ಕೋಪಿನಲ್ಲಿ ನೋಡಿ ಕಳಿಸುವವರಿದ್ದರು. ಎಚ್‌ಐವಿ ಇದ್ದವರ ಕಫದಲ್ಲಿ ಕ್ರಿಮಿ ಕಡಿಮೆ ಇರುತ್ತದೆ, ಎಷ್ಟೋ ಸಲ ಅದರಲ್ಲಿ ಕಾಣುವುದೇ ಇಲ್ಲ. ಕಫದಲ್ಲಿ ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಸಿಬಿನಾಟ್ ಯಂತ್ರ ಇರುವುದು ಮತ್ತೆ ಯಾತಕ್ಕೆ? ಸುಮಾರು 2 ಗಂಟೆಯಲ್ಲಿ ಉತ್ತರ ಕೊಡುವ ಯಂತ್ರ ಅದು. ನಮಗೆ ಮಾತ್ರ "ನಾಳೆ ಬನ್ನಿ, ನಾಡಿದ್ದು ಬನ್ನಿ". ರಿಪೋರ್ಟ್ ಇನ್ನೂ ಕೈಗೆ ಬಂದಿಲ್ಲ.

ಟಿಬಿ ಇಲ್ಲ ಅಂತಾದರೆ ಅದು ಬಾರದ ಹಾಗೆ ತಡೆಯಲು 6 ತಿಂಗಳು ಐಸೋನಿಯಾಜಿಡ್ ಮಾತ್ರೆ ಕೊಡುತ್ತಾರೆ. ಇಷ್ಟು ವರ್ಷದಲ್ಲಿ ಅಕ್ಕನಿಗೆ ಅದರ ಬಗ್ಗೆ ಒಂದು ಮಾತು ಹೇಳಿದವರಿಲ್ಲ.

ದೂರು ಕೊಡಿ ಅಂತೀರಾ? ದೂರಿನ ಪುಸ್ತಕ ಇರುವುದು ಕೌಂಟರಿನ ಮೇಲೆ, ಎಲ್ಲರ ಕಣ್ಣೆದುರು. ಹೆಸರು, ಫೋನ್ ನಂಬರ್, ಯಾವ ವಿಭಾಗ, ಎಲ್ಲ ಬರೆಯಬೇಕು. 2017ರ ಎಚ್‌ಐವಿ ಕಾಯ್ದೆ ಗುಟ್ಟು ಕಾಪಾಡಬೇಕು ಅನ್ನುತ್ತದೆ. ಆ ಪುಸ್ತಕ ಯಾರು ಬೇಕಾದರೂ ತಿರುವಿ ಹಾಕಬಹುದು. ನಾನು ಪೆನ್ನು ತೆಗೆದರೆ ಅಕ್ಕ ಕೈ ಹಿಡಿದಳು. "ಸುಮ್ನಿರೇ, ಮುಂದಿನ ತಿಂಗಳೂ ನಾನು ಇಲ್ಲಿಗೇ ಬರಬೇಕು" ಅಂದಳು. ಹುಷಾರಿಲ್ಲದವಳು ಇವರಿಗೆ ಹೆದರಿಕೊಂಡು ಬದುಕಬೇಕಾ?