ಸತ್ಯಾಂಶ: ಗಾಜುಮೀನಿನ ಬಣ್ಣದ ಪಟ್ಟಿಗಳು ಹುಟ್ಟಿನಿಂದ ಬಂದವಲ್ಲ

ಗುಲಾಬಿ, ಹಸಿರು, ನೀಲಿ ಪಟ್ಟಿಗಳುಳ್ಳ ಗಾಜುಮೀನು ಪ್ರಕೃತಿಯ ಅಪರೂಪದ ಸೃಷ್ಟಿ ಎಂಬ ಒಕ್ಕಣೆಯೊಂದಿಗೆ ಹರಿದಾಡುವ ಚಿತ್ರಸಂದೇಶದಲ್ಲಿ ಹುರುಳಿಲ್ಲ.

ಪರಂಬಾಸಿಸ್ ರಂಗ ಎಂಬ ವೈಜ್ಞಾನಿಕ ಹೆಸರಿನ, ದಕ್ಷಿಣ ಏಷ್ಯಾದ ನೀರಿನಲ್ಲಿ ಸಹಜವಾಗಿ ಬದುಕುವ ಈ ಮೀನಿನ ದೇಹ ಎಷ್ಟು ಪಾರದರ್ಶಕವೆಂದರೆ, ಬೆನ್ನುಮೂಳೆಯೂ ಒಳಾಂಗಗಳನ್ನು ಸುತ್ತಿದ ಬೆಳ್ಳಿಯಂಥ ಪೊರೆಯೂ ಹೊರಗಿನಿಂದಲೇ ಕಾಣುತ್ತವೆ. ಬೆನ್ನು ಮತ್ತು ಹೊಟ್ಟೆಯ ಅಂಚಿನಲ್ಲಿ ಹೊಳೆಯುವ ಆ ಪಟ್ಟಿಗಳು ಸೂಜಿಯಿಂದ ಮತ್ತೆಮತ್ತೆ ಚುಚ್ಚಿ ತುಂಬಿದ ಕೃತಕ ಬಣ್ಣ; ಕೆಲವೇ ಸೆಂಟಿಮೀಟರ್ ಉದ್ದದ ಜೀವಕ್ಕೆ ಆ ಸೂಜಿ ಎಷ್ಟು ದಪ್ಪವೆಂಬುದನ್ನು ಯಾರಾದರೂ ಊಹಿಸಬಹುದು. ಗಾಯಗಳು ಸೋಂಕಿಗೆ ದಾರಿ ಮಾಡುತ್ತವೆ, ಲಿಂಫೋಸಿಸ್ಟಿಸ್ ಎಂಬ ವೈರಾಣು ರೋಗವಂತೂ ಬಣ್ಣ ಹಾಕದ ಮೀನುಗಳಿಗಿಂತ ಇವುಗಳಲ್ಲೇ ಹೆಚ್ಚಾಗಿ ಕಂಡುಬಂದಿದೆ.

ಬಣ್ಣ ಶಾಶ್ವತವೆಂಬ ಮಾತೂ ಸುಳ್ಳು: ಅದು ಕ್ರಮೇಣ ಮಾಸುತ್ತದೆ, ಮರಿಗಳಿಗೂ ಬರುವುದಿಲ್ಲ. ಮೀನಿಗೆ ನೋವೇ ಆಗದೆಂಬ ಸಮರ್ಥನೆಯನ್ನು ಒಪ್ಪಲಾಗದು, ಏಕೆಂದರೆ ಅಪಾಯಕಾರಿ ಪ್ರಚೋದನೆಗೆ ಸ್ಪಂದಿಸುವ ನರತುದಿಗಳು ಮೀನುಗಳಲ್ಲಿಯೂ ಇವೆ. ನೋಡುವವರ ಕಣ್ಣಿಗೆ ಹಿತವಾಗಲೆಂದು ಮಾತ್ರ ಮಾಡುವ ಈ ಕ್ರಿಯೆ ನನ್ನ ದೃಷ್ಟಿಯಲ್ಲಿ ನೇರ ಕ್ರೌರ್ಯ.

2003ರ ಕೊನೆಯಿಂದ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಹೊಳೆಯುವ ಜೀಬ್ರಾಮೀನನ್ನು ಇದರೊಂದಿಗೆ ಬೆರೆಸಬಾರದು. ಅದರಲ್ಲಿ ವಂಶವಾಹಿಯನ್ನೇ ಮಾರ್ಪಡಿಸಿರುವುದರಿಂದ ಬಣ್ಣ ಹುಟ್ಟಿನಿಂದಲೇ ಇರುತ್ತದೆ, ಮರಿಗಳಿಗೂ ಹರಿಯುತ್ತದೆ. ಅದು ಎತ್ತುವ ನೈತಿಕ ಪ್ರಶ್ನೆಗಳು ಬೇರೆಯವು.