ಡಿಕ್ಕಿಯಲ್ಲಿರುವ ಇಪ್ಪತ್ತು ಟ್ಯಾಬ್ಲೆಟ್‌ಗಳು

ಹೋದ ಶನಿವಾರ ಅಮೆರಿಕದ ಅಟ್ಲಾಂಟಾದ ಪಶ್ಚಿಮ ಭಾಗದ ಒಂದು ಚರ್ಚಿನ ಹಿಂದೆ ನಿಂತು, ಹಳೇ ಕಾರಿನ ಡಿಕ್ಕಿ ತೆಗೆಸಿ ಇಪ್ಪತ್ತು ಟ್ಯಾಬ್ಲೆಟ್ ಎಣಿಸಿದೆ. ಎಲ್ಲವೂ ಡಬ್ಬಿಯಲ್ಲೇ ಇವೆ, ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಮಕ್ಕಳ ಸಂಜೆ ಪಾಠಕ್ಕೆ ಅಂತ ಒಂದು ಫೌಂಡೇಶನ್ ಕೊಟ್ಟ ಗ್ರಾಂಟ್‌ನಲ್ಲಿ ಕೊಂಡಿದ್ದು. ಆ ದುಡ್ಡಲ್ಲಿ ವೈಫೈ ಬಿಲ್ ಕಟ್ಟುವಂತಿಲ್ಲ. ಪಾಠ ಹೇಳುವವರಿಗೆ ಸಂಬಳ ಕೊಡುವಂತಿಲ್ಲ. ನೆಲಮಾಳಿಗೆಯ ಕಪಾಟಿನ ಬೀಗ ಕೆಟ್ಟಿದೆ, ಅದನ್ನೂ ಮಾಡಿಸುವಂತಿಲ್ಲ. ಅದಕ್ಕೇ ಡಿಕ್ಕಿ.

ಚರ್ಚಿನ ನೆಲಮಾಳಿಗೆಯಲ್ಲಿ ಈ ಪಾಠ ನಡೆಸುವ ಸಣ್ಣ ಸಂಸ್ಥೆಗೆ ನಾನು ಲೆಕ್ಕ ಬರೆಯುತ್ತೇನೆ. ಸಂಬಳಕ್ಕಲ್ಲ, ಸುಮ್ನೆ, ತಿಂಗಳಿಗೆ ಎರಡು ಶನಿವಾರ. ನಡೆಸುವವರು ಎಪ್ಪತ್ತು ದಾಟಿದ ಕಪ್ಪು ಮಹಿಳೆ. ಈ ಊರಿನ ವಾಡಿಕೆಯಂತೆ ಎಲ್ಲರೂ ಅವರ ಹೆಸರಿಗೆ ಮಿಸ್ ಸೇರಿಸಿಯೇ ಕರೆಯುತ್ತಾರೆ. ನನಗೆ 46 ವರ್ಷ, ಅವರ ಬಾಯಲ್ಲಿ ನಾನು 'ಬೇಬಿ'. ನಮ್ಮ ಹಾಸನದ ಕಡೆ ಅಜ್ಜಿಯರು 'ಮಗಾ' ಅಂತಾರಲ್ಲ, ಹಾಗೆ.

ಇಲ್ಲಿ ಕೆಲಸ ಶುರು ಮಾಡುವ ಮುಂಚೆ ನನಗೊಂದು ತಪ್ಪು ಕಲ್ಪನೆ ಇತ್ತು. ಕಪ್ಪು ಜನ ನಡೆಸುವ ಸಂಸ್ಥೆಗಳಿಗೆ 2020ರ ನಂತರ ದುಡ್ಡಿನ ಹೊಳೆಯೇ ಹರಿದಿದೆ ಅಂದುಕೊಂಡಿದ್ದೆ. ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತ ಆ ಬೇಸಿಗೆಯಲ್ಲಿ ನಮ್ಮ ಆಫೀಸಿನಲ್ಲೂ ದೊಡ್ಡ ದೊಡ್ಡ ಮೊತ್ತದ ಭರವಸೆಗಳ ಇಮೇಲ್ ಬಂದಿತ್ತು. ಹೊಳೆ ಹರಿದಿರಬಹುದು. ಈ ನೆಲಮಾಳಿಗೆಗೆ ನೀರು ಬಂದಿದ್ದು ಮಳೆ ಬಂದಾಗ ಮಾತ್ರ.

ಅದೇ ವರ್ಷ ಎಕೋಯಿಂಗ್ ಗ್ರೀನ್ ಮತ್ತು ಬ್ರಿಡ್ಜ್‌ಸ್ಪ್ಯಾನ್ ಅನ್ನೋ ಎರಡು ಸಂಸ್ಥೆಗಳು ಸೇರಿ ಒಂದು ವರದಿ ತಂದಿದ್ದವು. ಹೊಸ ಸಮಾಜಸೇವಾ ಸಂಸ್ಥೆಗಳಿಗೆ ದುಡ್ಡು ಕೊಡುವ ಎಕೋಯಿಂಗ್ ಗ್ರೀನ್‌ಗೆ ಅರ್ಜಿ ಹಾಕಿ ಸೆಮಿಫೈನಲ್ ಸುತ್ತಿನವರೆಗಾದರೂ ಬಂದ ಸಂಸ್ಥೆಗಳ ಲೆಕ್ಕಪತ್ರ ತೆಗೆದು ನೋಡಿದರು. ಕಪ್ಪು ಜನ ನಡೆಸುವ ಸಂಸ್ಥೆಗಳ ಆದಾಯ ಬಿಳಿಯರು ನಡೆಸುವ ಸಂಸ್ಥೆಗಳಿಗಿಂತ 24% ಕಡಿಮೆ ಇತ್ತು. ಜನ ಸಾಮಾನ್ಯವಾಗಿ ಈ ಸಂಖ್ಯೆ ಹೇಳಿ ನಿಲ್ಲಿಸುತ್ತಾರೆ. ಲೆಕ್ಕ ಬರೆಯುವ ನನಗೆ ಚುಚ್ಚಿದ್ದು ಇನ್ನೊಂದು ಸಂಖ್ಯೆ. ಯಾವ ಷರತ್ತೂ ಇಲ್ಲದ, ಬೇಕಾದ್ದಕ್ಕೆ ಬಳಸಬಹುದಾದ ಆಸ್ತಿ 76% ಕಡಿಮೆ. ಅಂದರೆ ಕೊಡುವುದೇ ಕಡಿಮೆ. ಕೊಟ್ಟಿದ್ದಕ್ಕೂ 'ಇದಕ್ಕೆ ಮಾತ್ರ' ಅಂತ ಚೀಟಿ ಅಂಟಿಸಿ ಕೊಡುವುದು.

ಮಗಳ ಕೈಗೆ ನೂರು ರೂಪಾಯಿ ಕೊಟ್ಟು, ಐವತ್ತಕ್ಕೆ ಪೆನ್ಸಿಲ್, ಐವತ್ತಕ್ಕೆ ರಬ್ಬರ್, ಬಿಲ್ ತಂದು ತೋರಿಸು ಅನ್ನುತ್ತೀವಿ. ಮಗನಿಗೆ, ತಗೋ ಇಟ್ಕೋ ಅನ್ನುತ್ತೀವಿ. ವ್ಯತ್ಯಾಸ ನೂರು ರೂಪಾಯಿಯಲ್ಲಿ ಇಲ್ಲ, ಅಲ್ವಾ?

ಸರ್ಕಾರಿ ಗ್ರಾಂಟ್‌ನದ್ದು ಬೇರೆಯೇ ಕಥೆ. ಎಷ್ಟೋ ಗ್ರಾಂಟ್‌ಗಳಲ್ಲಿ ಮೊದಲು ನೀವು ಖರ್ಚು ಮಾಡಬೇಕು, ರಸೀದಿ ಕಳಿಸಬೇಕು, ಆಮೇಲೆ ದುಡ್ಡು ಬರುತ್ತದೆ. ಬ್ಯಾಂಕಿನಲ್ಲಿ ಗಂಟು ಇದ್ದವರಿಗೆ ಇದು ತೊಂದರೆಯೇ ಅಲ್ಲ. ಇಲ್ಲದವರು ಕ್ರೆಡಿಟ್ ಕಾರ್ಡ್ ಉಜ್ಜುತ್ತಾರೆ. ನಮ್ಮ ಮಿಸ್ ತಮ್ಮ ಸ್ವಂತ ಕಾರ್ಡ್ ಉಜ್ಜಿದ್ದಾರೆ, ಅದರ ಬಡ್ಡಿಯನ್ನು ಯಾವ ಗ್ರಾಂಟೂ ಕೊಡುವುದಿಲ್ಲ. ಬಾಡಿಗೆ, ಕರೆಂಟು, ಲೆಕ್ಕದವರ ಸಂಬಳದಂಥ ಸಂಸ್ಥೆಯ ಖರ್ಚಿಗೆ ಫೆಡರಲ್ ಗ್ರಾಂಟ್‌ಗಳಲ್ಲಿ ಸಣ್ಣ ಸಂಸ್ಥೆಗಳು ಚೌಕಾಸಿ ಇಲ್ಲದೆ ಹಾಕಿಕೊಳ್ಳಬಹುದಾದ ಪಾಲು 10% ಇತ್ತು, 2024ರ ಅಕ್ಟೋಬರ್‌ನಿಂದ 15% ಆಗಿದೆ. ಅದೊಂದು ಒಳ್ಳೆಯ ಬದಲಾವಣೆ, ಒಪ್ಪಬೇಕು. ಆದರೆ ಈಚೆಗೆ ಒಂದು ಫೌಂಡೇಶನ್ ನಮಗೆ ಆಡಿಟ್ ಆದ ಲೆಕ್ಕ ಬೇಕು ಅಂದಿತು. ಆಡಿಟರ್ ಒಬ್ಬರನ್ನು ಕೇಳಿದೆ. 9,000 ಡಾಲರ್ ಅಂದರು. ನಾವು ಕೇಳಿದ್ದ ಗ್ರಾಂಟ್ 15,000.

ಹೀಗಲ್ಲದೆಯೂ ಕೊಡಬಹುದು ಅಂತ, ಅಮೆಜಾನ್‌ನ ಜೆಫ್ ಬೆಜೋಸ್‌ ಅವರ ಮಾಜಿ ಪತ್ನಿ ಮೆಕೆಂಜಿ ಸ್ಕಾಟ್ ತೋರಿಸಿದ್ದಾರೆ. 2020ರಲ್ಲಿ ಕಪ್ಪು ಜನರ ಹಳೆಯ ಕಾಲೇಜುಗಳಿಗೆ ದುಡ್ಡು ಕೊಟ್ಟರು. ಟೆಕ್ಸಾಸ್‌ನ ಪ್ರೇರೀ ವ್ಯೂಗೆ 5 ಕೋಟಿ ಡಾಲರ್, ಬಾಲ್ಟಿಮೋರ್‌ನ ಮಾರ್ಗನ್ ಸ್ಟೇಟ್‌ಗೆ 4 ಕೋಟಿ. ಯಾವುದಕ್ಕೆ ಬೇಕೋ ಅದಕ್ಕೆ ಬಳಸಿ ಅಂದರು, ಅಷ್ಟೇ. ಆಮೇಲೆ ಸಣ್ಣ ಸಂಸ್ಥೆಗಳಿಂದ ಅರ್ಜಿಯನ್ನೂ ಕರೆದರು. 6,000ಕ್ಕೂ ಹೆಚ್ಚು ಅರ್ಜಿ ಬಂದವು, 2024ರ ಮಾರ್ಚ್‌ನಲ್ಲಿ 361 ಸಂಸ್ಥೆಗಳಿಗೆ ಒಟ್ಟು 64 ಕೋಟಿ ಡಾಲರ್ ಹಂಚಿದರು. ನಾವು ಅರ್ಜಿ ಹಾಕಲಿಲ್ಲ. ವರ್ಷದ ಬಜೆಟ್ ಕನಿಷ್ಠ 10 ಲಕ್ಷ ಡಾಲರ್ ಇರಬೇಕಿತ್ತು. ನಮ್ಮದು 1 ಲಕ್ಷ 40 ಸಾವಿರ. ಸಣ್ಣವರು ಅನ್ನಿಸಿಕೊಳ್ಳುವುದಕ್ಕೂ ನಾವು ಸಣ್ಣವರು.

ಕೆನಡಾದಲ್ಲಿ ಇನ್ನೊಂದು ದಾರಿ ಹಿಡಿದರು. ಅಲ್ಲಿ ದೊಡ್ಡ ಫೌಂಡೇಶನ್‌ಗಳು ಕೊಟ್ಟ ಪ್ರತಿ 100 ಡಾಲರ್‌ನಲ್ಲಿ ಕಪ್ಪು ಜನ ನಡೆಸುವ ಸಂಸ್ಥೆಗಳಿಗೆ ಸಿಕ್ಕಿದ್ದು 7 ಸೆಂಟ್ ಅಂತ 2020ರ ಒಂದು ವರದಿ ಹೇಳಿತ್ತು. ಅಲ್ಲಿನ ಸರ್ಕಾರ 2021ರ ಬಜೆಟ್‌ನಲ್ಲಿ 20 ಕೋಟಿ ಕೆನಡಾ ಡಾಲರ್ ತೆಗೆದಿಟ್ಟು, 2023ರಲ್ಲಿ ಅದನ್ನು ನೋಡಿಕೊಳ್ಳುವ ಕೆಲಸವನ್ನು ಕಪ್ಪು ಜನರದ್ದೇ ಒಂದು ಫೌಂಡೇಶನ್‌ಗೆ ವಹಿಸಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇಡುಗಂಟು. ಯಾರ ಮೂಡ್ ಹೇಗಿದೆ ಅಂತ ಪ್ರತಿ ವರ್ಷ ಕಾಯಬೇಕಿಲ್ಲ. ನನಗೆ ಇದು ಎಲ್ಲಕ್ಕಿಂತ ಇಷ್ಟವಾದ ಏರ್ಪಾಡು.

ಇಲ್ಲಿ ಗಾಳಿ ಬೇರೆ ಕಡೆ ಬೀಸುತ್ತಿದೆ. ನಮ್ಮ ಅಟ್ಲಾಂಟಾದಲ್ಲೇ ಫಿಯರ್‌ಲೆಸ್ ಫಂಡ್ ಅಂತ ಇದೆ. ಕಪ್ಪು ಹೆಣ್ಣುಮಕ್ಕಳ ಸಣ್ಣ ವ್ಯಾಪಾರಗಳಿಗೆ 20,000 ಡಾಲರ್ ಗ್ರಾಂಟ್ ಕೊಡುತ್ತಿತ್ತು. ಕಪ್ಪು ಹೆಣ್ಣುಮಕ್ಕಳಿಗೆ ಮಾತ್ರ ಕೊಡುವುದು ಜನಾಂಗ ಭೇದ ಅಂತ 2023ರಲ್ಲಿ ಅದರ ಮೇಲೆ ಕೇಸು ಬಿತ್ತು. ಹೂಡಿದವರು ಬಳಸಿದ್ದು 1866ರ ನಾಗರಿಕ ಹಕ್ಕು ಕಾಯ್ದೆ. ಆಗ ತಾನೇ ಗುಲಾಮಗಿರಿಯಿಂದ ಬಿಡುಗಡೆಯಾದ ಜನ ಬಿಳಿಯರಂತೆಯೇ ಕರಾರು ಮಾಡಿಕೊಳ್ಳಲು ಸಾಧ್ಯವಾಗಲಿ ಅಂತ ತಂದ ಕಾಯ್ದೆ! 2024ರ ಜೂನ್‌ನಲ್ಲಿ ಮೇಲ್ಮನವಿ ಕೋರ್ಟು ಇಬ್ಬರು ಒಂದು ಕಡೆ, ಒಬ್ಬರು ಒಂದು ಕಡೆ ಆಗಿ ಗ್ರಾಂಟ್‌ಗೆ ತಡೆ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಆ ಗ್ರಾಂಟನ್ನೇ ಮುಚ್ಚಿದರು. ಅದು ವ್ಯಾಪಾರದ ಗ್ರಾಂಟ್, ನಮ್ಮಂಥವರದ್ದಲ್ಲ. ಆದರೆ ಹೆದರಿಕೆಗೆ ಅಂಥ ಗಡಿ ಇರುವುದಿಲ್ಲ. ಈಗ ಅರ್ಜಿ ತುಂಬುವಾಗ 'ಬ್ಲ್ಯಾಕ್' ಅನ್ನೋ ಪದ ತೆಗೆದು 'ಸೌಲಭ್ಯ ವಂಚಿತ' ಅಂತ ಹಾಕಿ ಅಂತ ನಮಗೆ ಒಬ್ಬರು ಸಲಹೆ ಕೊಟ್ಟರು. ನಾನು ಟೈಪ್ ಮಾಡುತ್ತಾ ಕೂತಿದ್ದೆ. ಮಿಸ್ ಕನ್ನಡಕದ ಮೇಲಿಂದ ನೋಡಿ, "ಹಾಕು ಬೇಬಿ. ಫೋಟೋ ಕಳಿಸಿದಾಗ ಗೊತ್ತಾಗುತ್ತೆ ಬಿಡು" ಅಂದರು.

ಕನ್ನಡ ಕೂಟದ ಯುಗಾದಿ ಊಟದಲ್ಲಿ ಗೆಳೆಯರೊಬ್ಬರು ಕೇಳಿದರು, "ಬಡವರಿಗೆ ಅಂತ ಕೊಡಲಿ, ಬಣ್ಣ ನೋಡಿ ಯಾಕೆ ಕೊಡಬೇಕು?" ಇದು ದಡ್ಡ ಪ್ರಶ್ನೆ ಅಂತ ನಾನು ಹೇಳಲ್ಲ. ಅವರಿಗೆ ನಮ್ಮ ಕೂಟದ ಲೆಕ್ಕವನ್ನೇ ಉದಾಹರಣೆ ಕೊಟ್ಟೆ. ನಾವೂ ನಾನ್‌ಪ್ರಾಫಿಟ್ ತಾನೆ? ನಾವು ನೂರು ಡಾಲರ್ ಕೊಟ್ಟರೆ ನಮ್ಮ ಕಂಪನಿ ಇನ್ನೊಂದು ನೂರು ಸೇರಿಸುತ್ತದೆ. ಸಭಾಂಗಣಕ್ಕೆ ಮುಂಗಡ ಕಟ್ಟಬೇಕಾದರೆ ನಾಲ್ಕು ಜನ ಜೇಬಿನಿಂದ ತೆಗೆಯುತ್ತಾರೆ. ಪುಕ್ಕಟೆ ಕಾಗದ ನೋಡುವ ವಕೀಲರು, ಸಿಪಿಎ ಅಂದರೆ ಇಲ್ಲಿನ ಚಾರ್ಟರ್ಡ್ ಅಕೌಂಟೆಂಟ್‌ಗಳು, ಎಲ್ಲ ನಮ್ಮಲ್ಲೇ ಇದ್ದಾರೆ. ದುಡ್ಡು ಪರಿಚಯದ ಹಿಂದೆ ಹೋಗುತ್ತದೆ. ಫೌಂಡೇಶನ್‌ನವರ ಜೊತೆ ಊಟಕ್ಕೆ ಕೂತವರೇ ಆ ಚರ್ಚಿನ ನೆಲಮಾಳಿಗೆಯಲ್ಲಿಲ್ಲ. ಅಲ್ಲಿನವರಿಗೆ ಅಜ್ಜನ ಕಾಲದಲ್ಲಿ ಮನೆ ಸಾಲವೂ ಸಿಗದ ಹಾಗೆ ಮಾಡಿದ್ದು ಬಣ್ಣ ನೋಡಿಯೇ. ಇನ್ನೊಂದು ಮಾತೂ ಹೇಳಿದೆ. ನಮ್ಮಂಥವರು ದೊಡ್ಡ ಸಂಖ್ಯೆಯಲ್ಲಿ ಈ ದೇಶಕ್ಕೆ ಬರಲು ಬಾಗಿಲು ತೆರೆದ 1965ರ ವಲಸೆ ಕಾಯ್ದೆ ಬಂದಿದ್ದು ಕಪ್ಪು ಜನರ ನಾಗರಿಕ ಹಕ್ಕಿನ ಹೋರಾಟದ ಬೆನ್ನಿಗೇ. ಗೆಳೆಯರು ಒಪ್ಪಿದರೋ ಇಲ್ಲವೋ ಗೊತ್ತಿಲ್ಲ, ಒಬ್ಬಟ್ಟು ಬಡಿಸಲು ಎದ್ದು ಹೋದರು.

ಇಲ್ಲಿಂದ ಎರಡೂವರೆ ಗಂಟೆ ಡ್ರೈವ್ ಮಾಡಿದರೆ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ. ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದರ ವಿರುದ್ಧ 1955ರ ಡಿಸೆಂಬರ್‌ನಲ್ಲಿ ಅಲ್ಲಿ ಬಸ್ ಬಹಿಷ್ಕಾರ ಶುರುವಾದಾಗ ಜಾರ್ಜಿಯಾ ಗಿಲ್ಮೋರ್ ಅನ್ನೋ ಅಡುಗೆಯ ಹೆಂಗಸು ಗೆಳತಿಯರನ್ನು ಸೇರಿಸಿಕೊಂಡು ಕೇಕ್, ಪೈ, ಕರಿದ ಕೋಳಿ ಮಾಡಿ ಮಾರಿದರು. ಬಹಿಷ್ಕಾರ 381 ದಿನ ನಡೆಯಿತು. ಜನರನ್ನು ಕೆಲಸಕ್ಕೆ ಕರೆದೊಯ್ಯುವ ಕಾರುಗಳ ಪೆಟ್ರೋಲಿಗೆ ಆ ದುಡ್ಡು ಹೋಯಿತು. ಎಷ್ಟೋ ಹೆಂಗಸರು ಬಿಳಿಯರ ಮನೆಯಲ್ಲಿ ಕೆಲಸಕ್ಕಿದ್ದವರು, ಹೆಸರು ಹೊರಬಿದ್ದರೆ ಕೆಲಸ ಹೋಗುತ್ತಿತ್ತು. ಅದಕ್ಕೆ ಗುಂಪಿಗೆ 'ಎಲ್ಲಿಂದಲೂ ಬಾರದ ಕ್ಲಬ್' ಅನ್ನೋ ಅರ್ಥದ ಹೆಸರಿಟ್ಟರು. ದುಡ್ಡು ಎಲ್ಲಿಂದ ಬಂತು ಅಂದರೆ, ಎಲ್ಲಿಂದಲೂ ಇಲ್ಲ. ಬಹಿಷ್ಕಾರದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಪರವಾಗಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಗಿಲ್ಮೋರ್ ಕೆಲಸ ಕಳೆದುಕೊಂಡು, ತಮ್ಮ ಮನೆಯ ಅಡುಗೆಮನೆಯಲ್ಲೇ ಊಟ ಹಾಕಿ ಬದುಕಿದರು.

ಈ ಕಥೆಯನ್ನು ಇಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ನನಗೂ ಹೆಮ್ಮೆ. ಆದರೆ ಎಪ್ಪತ್ತು ವರ್ಷ ಆದಮೇಲೂ ಕೇಕ್ ಮಾರಿಯೇ ಕರೆಂಟ್ ಬಿಲ್ ಕಟ್ಟಬೇಕು ಅಂದರೆ ಸಿಟ್ಟೂ ಬರುತ್ತದೆ.

ಈ ಸಲದ ಕೂಟದ ಕಮಿಟಿ ಮೀಟಿಂಗ್‌ನಲ್ಲಿ ಕೇಳಬೇಕು ಅಂದುಕೊಂಡಿದ್ದೇನೆ. ವರ್ಷಕ್ಕೊಮ್ಮೆ ಟೀ ಶರ್ಟ್ ಹಾಕಿಕೊಂಡು ಅಲ್ಲಿಗೆ ಹೋಗಿ ಗೋಡೆಗೆ ಬಣ್ಣ ಬಳಿದು ಫೋಟೋ ತೆಗೆಸಿಕೊಳ್ಳುತ್ತೇವಲ್ಲ, ಆ ಟೀ ಶರ್ಟಿನ ದುಡ್ಡನ್ನು ಚೆಕ್ ಬರೆದು ಕೊಡೋಣ, ಯಾವುದಕ್ಕೆ ಅಂತ ಕೇಳೋದು ಬೇಡ ಅಂತ. ಎಷ್ಟು ಕೈ ಏಳುತ್ತೋ ನೋಡೋಣ.

ಅಷ್ಟರಲ್ಲಿ ಬರುವ ಶನಿವಾರ ಚರ್ಚಿನ ಮುಂದೆ ಮಾರಾಟ ಇದೆ. ಮಿಸ್ ಪೌಂಡ್ ಕೇಕ್ ಮಾಡುತ್ತಾರೆ. ನಾನು ಮೈಸೂರು ಪಾಕ್ ತರುತ್ತೇನೆ ಅಂದೆ. ಏನದು ಅಂತ ಕೇಳಿದರು. ಕಡಲೆ ಹಿಟ್ಟು, ಸಕ್ಕರೆ, ತುಂಬಾ ತುಪ್ಪ ಅಂದೆ. ತುಪ್ಪದ ಡಬ್ಬಿ ಎಷ್ಟಾಗುತ್ತೆ ಅಂದರು. ಹೇಳಿದೆ. "ಹಾಗಾದರೆ ತುಂಡಿಗೆ ಮೂರು ಡಾಲರ್. ರಸೀದಿ ಇಟ್ಟಿರು ಬೇಬಿ."